ಐದು ಪದಕ್ಕೊಂದು ಎಂಟರ್

ಆಗಸ್ಟ್ 9

ಅಕ್ಕ,

ಮೊದಲಿಗೆ ಸಾರಿ. ಇಷ್ಟು ಸಣ್ಣ ವಿಷಯಕ್ಕೆ ನಿನಗೆ ಪತ್ರ ಬರೀಬಾರದು, ಗೊತ್ತು. ಥೀಸಿಸ್ ಬರೆಯೋ ನನ್ನ ಮಗಳಿಗೆ ತಲೆ ಬಾಚಿಕೊಳ್ಳೋಕೂ ಪುರುಸೊತ್ತಿಲ್ಲ, ಸುಮ್ಮನೆ ಕಾಡಬೇಡ ಅಂತ ದೊಡ್ಡಮ್ಮ ಹೇಳಿಯೇ ಕಳಿಸಿದ್ದರು. ಫೋನ್ ಮಾಡೋಣ ಅಂತ ಎರಡು ಸಲ ನಿನ್ನ ನಂಬರ್ ತೆಗೆದೆ. ಎರಡು ಸಲವೂ ಒತ್ತದೆ ಕೆಳಗಿಟ್ಟೆ. ಏಳು ವರ್ಷ ಸ್ಕೂಲ್ ಹಾಸ್ಟೆಲ್‌ನಲ್ಲಿ ಭಾನುವಾರ ಬಂದರೆ ನಿನಗೊಂದು ಪತ್ರ ಬರೆದು ಬೆಳೆದವಳು ನಾನು. ಈಗ ಕಾಗದದ ಬದಲು ಮೇಲ್, ಅಷ್ಟೇ.

ವಿಷಯ ಆ ಸಾಫ್ಟ್‌ವೇರ್‌ದು, ಓದಿದ ಲೇಖನಗಳನ್ನೆಲ್ಲ ಜೋಡಿಸಿಡೋ ಅದು. ನಿನ್ನ ಲಾಗಿನ್ ಹಾಕಿ ಒಳಗೆ ಹೋದೆ. ನೀನು ಹೇಳಿದ ನೂರನಲವತ್ತು ಲೇಖನಗಳೂ ಅಲ್ಲಿವೆ, ಎಲ್ಲ ಹಾಸ್ಟೆಲ್ ಮಕ್ಕಳ ನಿದ್ದೆಯ ಬಗ್ಗೆ. ಒಂದೊಂದನ್ನೂ ಓದಿ ಹತ್ತು ಸಾಲು ನೋಟ್ಸ್ ಬರೆಯೋದು ತಾನೇ? ಹತ್ತೊಂಬತ್ತು ಮುಗಿಸಿದ್ದೀನಿ. ಆದರೆ ನಿನ್ನ ಲೇಔಟ್‌ನಲ್ಲಿ ಎಡಗಡೆ ಫೋಲ್ಡರ್, ನಡುವೆ ಲೇಖನಗಳ ಲಿಸ್ಟ್, ನೋಟ್ಸ್ ಬರೆಯೋ ಜಾಗ ಮಾತ್ರ ಕೆಳಗೆ, ಅಡ್ಡಡ್ಡಕ್ಕೆ, ಚಾಪೆ ಹಾಸಿದ ಹಾಗೆ. ನನ್ನ ಲ್ಯಾಪ್‌ಟಾಪ್ ಸೋದರಮಾವ ಬಳಸಿ ಬಿಟ್ಟದ್ದು, ಅಂಗೈಯಷ್ಟು ಸ್ಕ್ರೀನ್. ಎರಡು ಸಾಲು ಕಾಣುತ್ತೆ, ಮೂರನೇದು ಮಾಯ. ಅದಕ್ಕೆ ಸೆಟ್ಟಿಂಗ್ಸ್ ಹುಡುಕಿ ನೋಟ್ಸನ್ನ ಬಲಗಡೆಗೆ ತಂದು, ಕಿರಿದಾದ ಕಾಲಂ ಮಾಡಿ ಉದ್ದಕ್ಕೆ ನಿಲ್ಲಿಸಿದ್ದೀನಿ. ಈಗ ಬರೆದದ್ದೆಲ್ಲ ಒಂದೇ ನೋಟಕ್ಕೆ ಕಾಣುತ್ತೆ.

ನಿನ್ನನ್ನ ಕೇಳದೆ ಮಾಡಿದೆ. ಏನಾದರೂ ಹಾಳಾಗುತ್ತಾ? ನನಗೇ ಬೇರೆ ಲಾಗಿನ್ ಮಾಡಿಕೊಂಡರೆ ಒಳ್ಳೇದಾ? ಅದೊಂದೇ ಟೆನ್ಶನ್.

ನಿನ್ನ ಪೆನ್ಸಿಲ್


ಆಗಸ್ಟ್ 11

ಪೆನ್ಸಿಲ್,

ನಿನ್ನೆ ಕೂತು ಸಾಫ್ಟ್‌ವೇರ್ ತೆಗೆದರೆ ನೋಟ್ಸ್ ಎಲ್ಲ ಬಲಗಡೆ ಗೋಡೆಗೆ ಒರಗಿಕೊಂಡು ನಿಂತಿವೆ, ಟೀಚರ್ ಶಿಕ್ಷೆ ಕೊಟ್ಟ ಹಾಗೆ. ಯಾರಪ್ಪಾ ಇದು ಅಂದುಕೊಂಡೆ. ಆಮೇಲೆ ನಿನ್ನ ಮೇಲ್ ಕಣ್ಣಿಗೆ ಬಿತ್ತು.

ಲೇಔಟ್ ಅನ್ನೋದು ಅದರಲ್ಲಿ ಲಾಗಿನ್ ಜೊತೆ ಓಡಾಡುತ್ತೆ ಕಣೇ, ಕಂಪ್ಯೂಟರ್ ಜೊತೆ ಅಲ್ಲ. ನೀನು ಅಲ್ಲಿ ಎಳೆದರೆ ಇಲ್ಲಿ ನನ್ನ ಸ್ಕ್ರೀನ್ ಅಲ್ಲಾಡುತ್ತೆ. ನನಗೆ ಕೆಳಗೆ, ಅಗಲವಾಗಿಯೇ ಬೇಕು. ಹತ್ತು ವರ್ಷದ ಅಭ್ಯಾಸ. ವಾಪಸ್ ಹಾಕಿದ್ದೀನಿ, ಮುಟ್ಟಬೇಡ.

ಇನ್ನೊಂದು ಮಾತು. ಅದೇನು ನೋಟ್ಸ್ ಬರೆಯೋ ರೀತಿ? ಐದು ಪದ ಆದ ಕೂಡಲೇ ಸಾಲು ಮುರಿದಿದ್ದೀಯ. ಅಗಲ ಮಾಡಿ ನೋಡಿದರೆ ಅರ್ಧ ಸ್ಕ್ರೀನ್ ಖಾಲಿ, ಅಂಚೆಲ್ಲ ಇಲಿ ಕಡಿದ ಹಾಗೆ. ಪಕ್ಕದ ಟೇಬಲ್‌ನವನು ಬಗ್ಗಿ ನೋಡಿ, "ಏನ್ರೀ, ನಿಮ್ಮ ತಂಗಿ ಕವನ ಬರೀತಾಳಾ?" ಅಂತ ನಕ್ಕ. ನಾನು ಒಂದೊಂದೇ ಸಾಲು ಕೂಡಿಸ್ತಾ ಕೂತರೆ ನನ್ನ ವೈವಾ ಮುಂದಿನ ಜನ್ಮಕ್ಕೆ. ಆದರೆ ಬರೆದಿರೋದು ಚೆನ್ನಾಗಿದೆ. ನಿಜವಾಗಲೂ.

ಬೇರೆ ಲಾಗಿನ್ ಏನೂ ಬೇಡ. ನಿನ್ನದು ನನ್ನದು ಅಂತ ನಮ್ಮಲ್ಲಿ ಯಾವತ್ತಿತ್ತು? ಥೀಸಿಸ್‌ನ ಮೊದಲ ಪುಟದಲ್ಲಿ ನಿನ್ನ ಹೆಸರು ಹಾಕ್ತೀನಿ. ಪೂರ್ತಿ ಹೆಸರು, ಪೆನ್ಸಿಲ್ ಅಂತಲ್ಲ. ಸರಿಯಾ?

ಅಕ್ಕ


ಆಗಸ್ಟ್ 24

ಅಕ್ಕ,

ಮತ್ತೆ ಸಾರಿ. ನೀನು ಮುಟ್ಟಬೇಡ ಅಂದಿದ್ದೆ, ನಾನು ಮುಟ್ಟಿದೆ. ಕೆಳಗಡೆ ಬರೆಯೋಕೆ ಹೋದರೆ ಮೊದಲು ಏನು ಬರೆದೆ ಅಂತಲೇ ಮರೆತು ಹೋಗುತ್ತೆ. ಬೆಳಿಗ್ಗೆ ಕ್ಲಾಸಿಗೆ ಮುಂಚೆ ನಾನು ಬಲಗಡೆಗೆ ಎಳೀತೀನಿ. ಮಧ್ಯಾಹ್ನ ಬಂದು ನೋಡಿದರೆ ನೀನು ಕೆಳಗೆ ಇಳಿಸಿರ್ತೀಯ. ಇದುವರೆಗೆ ಹನ್ನೊಂದು ಸಲ ಆಯಿತು, ಎಣಿಸಿದ್ದೀನಿ. ನಾನಿಲ್ಲದಾಗ ಯಾರೋ ರೂಮಿಗೆ ಬಂದು ಮಂಚ ತಿರುಗಿಸಿಟ್ಟು ಹೋದ ಹಾಗೆ. ಆ್ಯಕ್ಚುಲಿ ನನಗದು ಬೇಜಾರಿಲ್ಲ. ಅಕ್ಕ ಬಂದು ಹೋಗಿದ್ದಾಳೆ ಅಂತ ಗೊತ್ತಾಗುತ್ತಲ್ಲ. ಕೆಳಗೆ ಇಳಿಯದ ದಿನ ನಿನಗೆ ಜ್ವರಾನಾ ಅಂತ ಯೋಚನೆ ಮಾಡ್ತೀನಿ.

ಸಾಲು ಮುರಿಯೋದಕ್ಕೆ ಒಂದು ಕಾರಣ ಇದೆ, ನಗಬೇಡ. ಸ್ಕೂಲಲ್ಲಿ ಹಳೇ ಕಂಪ್ಯೂಟರ್‌ಗಳು. ಸಾಲು ತಾನಾಗಿ ಮಡಚಿಕೊಳ್ತಾ ಇರಲಿಲ್ಲ, ಸ್ಕ್ರೀನ್ ದಾಟಿ ಆಚೆ ಹೋಗಿಬಿಡ್ತಿತ್ತು. ಕಂಪ್ಯೂಟರ್ ಸರ್ ಸ್ಕೇಲ್ ಹಿಡಿದು ಬೆನ್ನ ಹಿಂದೆ ನಿಂತಿರ್ತಿದ್ದರು. "ಅಂಚು ಬಂತು, ಎಂಟರ್ ಒತ್ತು." ಒತ್ತದಿದ್ದರೆ ಬೆರಳ ಗಂಟಿಗೆ ಸ್ಕೇಲ್. ಈಗಲೂ ಕಾಲಂನ ಅಂಚು ಹತ್ತಿರ ಬಂದರೆ ಕಿರುಬೆರಳು ತಾನಾಗಿಯೇ ಎಂಟರ್ ಮೇಲೆ ಹೋಗುತ್ತೆ. ನನ್ನ ಕಿರಿದಾದ ಕಾಲಂನಲ್ಲಿ ಅದು ಸರಿಯಾಗೇ ಕಾಣುತ್ತೆ. ನಿನ್ನ ಚಾಪೆಯಲ್ಲಿ ಮಾತ್ರ ಕವನ.

ಅರವತ್ತಮೂರು ಮುಗಿಯಿತು. ಅರವತ್ತಮೂರನೇ ಲೇಖನದವರು, ಹಾಸ್ಟೆಲ್ ಮಕ್ಕಳು ಬೆಳಗಿನ ಗಂಟೆ ಬಾರಿಸೋಕಿಂತ ಮುಂಚೆ ತಾವಾಗಿಯೇ ಏಳ್ತಾರೆ, ಆದ್ದರಿಂದ ಅವರಿಗೆ ನಿದ್ದೆ ಸಾಕಾಗಿದೆ ಅಂತ ಬರೆದಿದ್ದಾರೆ. ಓದಿ ಸಿಟ್ಟು ಬಂತು. ನೋಟ್ಸ್‌ನಲ್ಲಿ ಬರೆದುಬಿಟ್ಟೆ: "ಮಗು ಗಂಟೆಗೆ ಮುಂಚೆ ಏಳುವುದು ನಿದ್ದೆ ಸಾಕಾಗಿ ಅಲ್ಲ, ತನ್ನನ್ನು ಎಬ್ಬಿಸುವುದು ಗಂಟೆ ಆಗಬಾರದು ಅಂತ." ಮೊದಲ ವರ್ಷ ನಾನು ಹಾಗೇ ಮಾಡ್ತಿದ್ದೆ. ಮನೇಲಿ ಅಮ್ಮ ಕಾಲು ಹಿಡಿದು ಅಲ್ಲಾಡಿಸಿ ಎಬ್ಬಿಸ್ತಿದ್ದಳು. ಅಲ್ಲಿ ಕಬ್ಬಿಣದ ಗಂಟೆ. ಅದು ಹೊಡೆಯೋ ಮುಂಚೆಯೇ ಎದ್ದು ಕೂತರೆ ಅವತ್ತು ನಾನೇ ಎದ್ದೆ ಅಂತ ಲೆಕ್ಕ. ಈ ಮಾತನ್ನ ಅಮ್ಮನಿಗೂ ಹೇಳಿಲ್ಲ. ನೋಟ್ಸ್‌ನಲ್ಲಿ ಸ್ವಂತದ್ದು ಬರೆಯಬಾರದು ಅಂದರೆ ಅಳಿಸಿಬಿಡ್ತೀನಿ.

ಪೆನ್ಸಿಲ್


ಆಗಸ್ಟ್ 27

ಪೆನ್ಸಿಲ್,

ಅಳಿಸಬೇಡ. ಆ ಗಂಟೆಯ ಮಾತು ಬಹಳ ಚೆನ್ನಾಗಿದೆ. ಅಂಥದ್ದು ಇನ್ನೂ ನೆನಪಾದರೆ ಬರೀತಾ ಹೋಗು, ಎಲ್ಲಾ ನೋಟ್ಸ್ ಒಳಗೇ ಇರಲಿ, ಮೇಲ್‌ನಲ್ಲಿ ಬೇಡ. ಹುಡುಕೋಕೆ ಕಷ್ಟ ಆಗುತ್ತೆ.

ಗೈಡ್ ಈ ವಾರ ಬೆನ್ನು ಬಿದ್ದಿದ್ದಾರೆ. ಸ್ವಲ್ಪ ಬೇಗ ಬೇಗ ಓದ್ತೀಯಾ?

ಅಕ್ಕ


ಸೆಪ್ಟೆಂಬರ್ 4

ಅಕ್ಕ,

ನೂರಹನ್ನೆರಡು. ಎರಡು ದಿನ ಕ್ಲಾಸಿಗೆ ಹೋಗಲಿಲ್ಲ, ಬೈಬೇಡ. ಹಾಸ್ಟೆಲ್ ವಾರ್ಡನ್ "ಹೊಟ್ಟೆನೋವಾ?" ಅಂದರು, ಹೂಂ ಅಂದೆ. ನೀನು ಹೇಳಿದ ಹಾಗೆ ಸ್ವಂತದ್ದೂ ಬರೆದಿದ್ದೀನಿ, ಒಂದು ಇಪ್ಪತ್ತು ಕಡೆ ಇರಬಹುದು. ಉಳಿದ ಇಪ್ಪತ್ತೆಂಟು ಈ ತಿಂಗಳೊಳಗೆ.

ಪೆನ್ಸಿಲ್


ಸೆಪ್ಟೆಂಬರ್ 28

ಅಕ್ಕ,

ಎಲ್ಲಾ ಮುಗಿಯಿತು. ನೂರನಲವತ್ತಕ್ಕೆ ನೂರನಲವತ್ತು. ಕೊನೇ ನೋಟ್ಸ್ ಬರೆದು ಲ್ಯಾಪ್‌ಟಾಪ್ ಮುಚ್ಚಿದಾಗ ರೂಮ್‌ಮೇಟ್ ಇಸ್ತ್ರಿ ಮಾಡ್ತಾ ಇದ್ದಳು. ಅವಳು ಗಣಿತದವಳು, ಯಾವುದಕ್ಕೂ ಬೇಗ ಖುಷಿಪಡಲ್ಲ. "ನಿಮ್ಮಕ್ಕನ ಥೀಸಿಸ್‌ಗೆ ನಿನಗ್ಯಾಕೆ ಇಷ್ಟು ಸಂಭ್ರಮ?" ಅಂದಳು. ಮೊದಲ ಪುಟದಲ್ಲಿ ನನ್ನ ಹೆಸರಿರುತ್ತೆ ಅಂದೆ. "ಇರಲಿ, ನೋಡೋಣ" ಅಂದು ಕಾಲರ್ ತಿರುವಿ ಹಾಕಿದಳು.

ಒಂದು ಥ್ಯಾಂಕ್ಸ್ ಹೇಳಬೇಕು. ಸೆಪ್ಟೆಂಬರ್ ನಾಲ್ಕರಿಂದ ನೀನು ನನ್ನ ಲೇಔಟ್ ಮುಟ್ಟಿಲ್ಲ. ಇಪ್ಪತ್ನಾಲ್ಕು ದಿನ ನೋಟ್ಸ್ ಬಲಗಡೆಯಲ್ಲೇ ನಿಂತಿವೆ. ನನ್ನ ಹಟಕ್ಕೆ ನೀನು ಸೋತೆಯಲ್ಲ. ಹತ್ತು ವರ್ಷದ ಅಭ್ಯಾಸ ಬಿಟ್ಟು ಆ ಕಿರಿದಾದ ಕಾಲಂನಲ್ಲಿ ಹೇಗೆ ಓದ್ತಾ ಇದ್ದೀಯೋ. ಬೇಕಾದರೆ ಈಗ ಕೆಳಗೆ ಹಾಕಿಕೋ, ನನ್ನ ಕೆಲಸ ಮುಗಿದಿದೆ.

ಮತ್ತೆ ಒಂದು ಪರ್ಮಿಷನ್. ಸೈಕಾಲಜಿ ಸರ್ ಫಸ್ಟ್ ಇಯರ್‌ನವರಿಗೆಲ್ಲ ಒಂದು ಪ್ರಬಂಧ ಕೊಟ್ಟಿದ್ದಾರೆ, ನವೆಂಬರ್ ಮೂರಕ್ಕೆ ಕೊಡಬೇಕು. ಹಾಸ್ಟೆಲ್ ಮಕ್ಕಳ ನಿದ್ದೆಯ ಬಗ್ಗೆಯೇ ಬರೆಯಲಾ? ನೋಟ್ಸ್‌ನಲ್ಲಿರೋ ನನ್ನ ಮಾತುಗಳನ್ನ ಬಳಸಬಹುದಾ?

ಪೆನ್ಸಿಲ್


ಅಕ್ಟೋಬರ್ 6

ಅಕ್ಕ,

ಮತ್ತೆ ಬರೀತಿರೋದಕ್ಕೆ ಸಾರಿ. ಆ ಪ್ರಬಂಧದ ವಿಷಯ. ಬೇಡ ಅಂದರೆ ಬೇಡ, ಬೇರೆ ವಿಷಯ ತಗೊಳ್ತೀನಿ. ಹೂಂ ಅಥವಾ ಉಹೂಂ, ಅಷ್ಟು ಬರೆದರೆ ಸಾಕು. ಹುಷಾರಾಗಿದ್ದೀಯಾ?

ಪೆನ್ಸಿಲ್


ಅಕ್ಟೋಬರ್ 8

ಹುಷಾರಾಗಿದ್ದೀನಿ ಕಣೇ. ಉಸಿರಾಡೋಕೂ ಬಿಡುವಿಲ್ಲ. ಪ್ರಬಂಧ ಚೆನ್ನಾಗಿ ಬರಿ, ಟೆನ್ಶನ್ ಮಾಡಿಕೊಳ್ಳಬೇಡ. ಚಿಕ್ಕಮ್ಮನಿಗೆ ಕೇಳಿದೆ ಅಂತ ಹೇಳು.

ಅಕ್ಕ


ನವೆಂಬರ್ 14

ಅಕ್ಕ,

ನಿನಗೆ ಆರು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಎಲ್ಲೋ ಏನೋ ಮಿಕ್ಸ್ ಆಗಿದೆ. ಇದು ನಿನ್ನಿಂದ ಮಾತ್ರ ಸರಿಹೋಗುತ್ತೆ, ಅದಕ್ಕೆ ನಡೆದದ್ದು ನಡೆದ ಹಾಗೆ ಬರೀತೀನಿ.

ಇವತ್ತು ಹತ್ತೂವರೆಗೆ ಸೈಕಾಲಜಿ ಸರ್ ತಮ್ಮ ರೂಮಿಗೆ ಕರೆಸಿದರು. ಪ್ರಬಂಧ ಹೊಗಳೋಕೆ ಅಂದುಕೊಂಡು ಕೂದಲು ಸರಿಮಾಡಿಕೊಂಡು ಹೋದೆ. ಟೇಬಲ್ ಮೇಲೆ ನನ್ನ ಪ್ರಬಂಧ, ಪಕ್ಕದಲ್ಲಿ ಒಂದು ಜರ್ನಲ್. ನನ್ನದರಲ್ಲಿ ಒಂದು ವಾಕ್ಯಕ್ಕೆ ಕೆಂಪು ಗೆರೆ.

"ಇದು ಯಾರದು?"

"ನನ್ನದು ಸರ್."

"ಇದು?"

ಜರ್ನಲ್ ನನ್ನ ಕಡೆ ತಿರುಗಿಸಿದರು. ಮಗು ಗಂಟೆಗೆ ಮುಂಚೆ ಏಳುವುದು ನಿದ್ದೆ ಸಾಕಾಗಿ ಅಲ್ಲ. ಅಕ್ಷರ ಅಕ್ಷರವೂ ಅದೇ. ಪುಟದ ತಲೆಯಲ್ಲಿ ನಿನ್ನ ಹೆಸರು. ಅಕ್ಕ, ನಂಬ್ತೀಯೋ ಇಲ್ಲವೋ, ನನಗೆ ಮೊದಲು ಆಗಿದ್ದು ಖುಷಿ. ನಿನ್ನ ಹೆಸರು ಪ್ರಿಂಟಾಗಿದೆ ಅಂತ. "ಇವರು ನಮ್ಮ ದೊಡ್ಡಮ್ಮನ ಮಗಳು ಸರ್, ನಮ್ಮಕ್ಕ" ಅಂತ ನಗ್ತಾ ಹೇಳಿಬಿಟ್ಟೆ.

ಸರ್ ಕನ್ನಡಕ ತೆಗೆದಿಟ್ಟರು. "ಹಾಗಾದರೆ ಕದಿಯೋಕೆ ಬಹಳ ದೂರ ಹೋಗಬೇಕಾಗಿರಲಿಲ್ಲ."

ಆಗ ಅರ್ಥ ಆಯಿತು. ಅದು ನನ್ನ ವಾಕ್ಯ, ಆಗಸ್ಟ್‌ನಲ್ಲೇ ಬರೆದದ್ದು, ನೋಟ್ಸ್ ತೋರಿಸ್ತೀನಿ ಅಂದೆ. ಅವರ ಕಂಪ್ಯೂಟರ್‌ನಲ್ಲೇ ಲಾಗಿನ್ ಹಾಕಿದೆ. ಪಾಸ್‌ವರ್ಡ್ ತಪ್ಪು ಅಂತ ಬಂತು. ಮತ್ತೆ ಹಾಕಿದೆ, ಮತ್ತೆ ತಪ್ಪು. ಮೂರನೇ ಸಲಕ್ಕೆ ಸರ್ ನನ್ನ ಕೈ ಮುಂದಿಂದ ಕೀಬೋರ್ಡ್ ಎಳಕೊಂಡರು. "ಜರ್ನಲ್ ಅಕ್ಟೋಬರ್‌ದು, ನಿನ್ನ ಪ್ರಬಂಧ ನವೆಂಬರ್‌ದು. ನಾನೇನಮ್ಮ ಅರ್ಥ ಮಾಡಿಕೊಳ್ಳಲಿ?" ಅವರು ಕೆಟ್ಟವರಲ್ಲ. ದನಿ ಕೂಡ ಏರಿಸಲಿಲ್ಲ. ಅದೇ ಹೆಚ್ಚು ಕಷ್ಟ ಆಯಿತು.

ನವೆಂಬರ್ 20, ಗುರುವಾರ ಬೆಳಿಗ್ಗೆ ಕಮಿಟಿ. ನಕಲು ಅಂತ ತೀರ್ಮಾನ ಆದರೆ ಈ ವರ್ಷ ರದ್ದು. ವರ್ಷ ರದ್ದಾದರೆ ಹಾಸ್ಟೆಲ್ ಸೀಟೂ ಹೋಗುತ್ತೆ. ಅಪ್ಪ ಎರಡನೇ ಸಲ ಕಳಿಸಲ್ಲ, ಅದು ನನಗಿಂತ ಚೆನ್ನಾಗಿ ನಿನಗೆ ಗೊತ್ತು.

ಸರ್ ಜರ್ನಲ್‌ನ ಜೆರಾಕ್ಸ್ ಕೊಟ್ಟಿದ್ದಾರೆ. ಕೊನೆಯಲ್ಲಿ ನೀನು ಕೃತಜ್ಞತೆ ಹೇಳಿದ್ದೀಯ: ಗೈಡ್, ಪಕ್ಕದ ಟೇಬಲ್‌ನವನು, ದೊಡ್ಡಮ್ಮ. ಪ್ರಿಂಟ್ ಮಾಡೋರು ಒಂದು ಸಾಲು ಬಿಟ್ಟಿರಬಹುದು, ಅಲ್ವಾ? ಸರ್‌ಗೆ ಎರಡು ಸಾಲು ಬರೆದು ಕಳಿಸು ಅಕ್ಕ. ನೋಟ್ಸ್ ಬರೆದದ್ದು ಇವಳು ಅಂತ. ಅಷ್ಟು ಸಾಕು.

ಪೆನ್ಸಿಲ್


ನವೆಂಬರ್ 16

ಪೆನ್ಸಿಲ್,

ಸಮಾಧಾನವಾಗಿ ಕೂತು ಓದು.

ಪಾಸ್‌ವರ್ಡ್ ಬದಲಾಗಿದ್ದು ಇಲ್ಲಿನ ಆಫೀಸಿನವರ ರೂಲು, ಅದಕ್ಕೆ ಬಣ್ಣ ಕಟ್ಟಬೇಡ. ಇನ್ನು ನೋಟ್ಸ್ ತೆಗೆಯೋದು ಬೇರೆ, ಲೇಖನ ಬರೆಯೋದು ಬೇರೆ. ಆ ನೂರನಲವತ್ತು ಲೇಖನ ಹುಡುಕಿದ್ದು ನಾನು. ಪ್ರಶ್ನೆ ನನ್ನದು. ಲಾಗಿನ್ ನನ್ನದು. ಸಹಾಯ ಮಾಡಿದ್ದೀಯ, ಇಲ್ಲ ಅಂತ ಯಾರು ಅಂದರು? ಥೀಸಿಸ್‌ನಲ್ಲಿ ಹೆಸರು ಹಾಕ್ತೀನಿ ಅಂದಿದ್ದು, ಹಾಕ್ತೀನಿ. ಇದು ಥೀಸಿಸ್ ಅಲ್ಲ, ನಮ್ಮ ವಿಭಾಗದ ಜರ್ನಲ್. ಗೈಡ್ ಅವಸರ ಮಾಡಿದರು, ಕೊಟ್ಟೆ.

ಕಮಿಟಿ ಮುಂದೆ ನೀನು ಇಷ್ಟು ಹೇಳು: "ಅಕ್ಕನ ನೋಟ್ಸ್ ನೋಡಿ ಬರೆದೆ, ಹೆಸರು ಹಾಕಬೇಕು ಅಂತ ಗೊತ್ತಿರಲಿಲ್ಲ, ತಪ್ಪಾಯಿತು." ಫಸ್ಟ್ ಇಯರ್ ಹುಡುಗಿ, ಅಳ್ತಾ ಹೇಳಿದರೆ ಒಂದು ವಾರ್ನಿಂಗ್ ಕೊಟ್ಟು ಬಿಡ್ತಾರೆ. ನಾನು ನೀನು ಹೇಳಿದ ಹಾಗೆ ಬರೆದು ಕಳಿಸಿದೆ ಅಂತಿಟ್ಟುಕೋ, ಡಿಸೆಂಬರ್‌ನಲ್ಲಿ ನನ್ನ ವೈವಾ ಇರಲ್ಲ. ಆರು ವರ್ಷ ಮಣ್ಣುಪಾಲು. ನಿನಗೆ ಒಂದು ವರ್ಷ, ನನಗೆ ಆರು. ನೀನೇ ತೂಗಿ ನೋಡು.

ನಿಮ್ಮಪ್ಪ ಕಾಲೇಜು ಬೇಡವೇ ಬೇಡ ಅಂದಾಗ ಎರಡು ದಿನ ನಿಮ್ಮನೇಲಿ ಕೂತು ಒಪ್ಪಿಸಿದ್ದು ಯಾರು ಅನ್ನೋದು ನೆನಪಿರಲಿ.

ಓದಿದ ಮೇಲೆ ಈ ಮೇಲ್ ಅಳಿಸಿಬಿಡು.

ಅಕ್ಕ


ನವೆಂಬರ್ 17

ಅಕ್ಕ,

ನಿಮ್ಮ ಮೇಲ್ ಬಂತು. ಅಳಿಸಿಲ್ಲ.

'ನೀವು' ಅಂತ ಬರೀತಿರೋದು ಸಿಟ್ಟಿಗಲ್ಲ. 'ನೀನು' ಅಂತ ಶುರು ಮಾಡಿದ್ದೆ, ಕೈ ಓಡಲಿಲ್ಲ.

ನಿನ್ನೆ ಮಧ್ಯಾಹ್ನ ನಿಮ್ಮ ಲೇಖನವನ್ನ ಕೊನೇ ಪುಟದವರೆಗೂ ಓದಿದೆ. ಮೊದಲು ಕೃತಜ್ಞತೆ ಮಾತ್ರ ನೋಡಿದ್ದೆ, ಉಳಿದದ್ದು ಓದೋ ಧೈರ್ಯ ಇರಲಿಲ್ಲ. ಕೊನೇಲಿ ಒಂದು ದೊಡ್ಡ ಪಟ್ಟಿ ಕೊಟ್ಟಿದ್ದೀರಿ, ಒಂದೊಂದು ಲೇಖನದ ಎದುರು ಅದರ ಸಾರಾಂಶ. ಬಹಳಷ್ಟು ಕಡೆ ಮಾತು ಅಲ್ಲಿ ಇಲ್ಲಿ ಬದಲಾಯಿಸಿದ್ದೀರಿ. ಆದರೆ ಹದಿನೇಳು ಕಡೆ ಇದ್ದ ಹಾಗೇ ಬಿಟ್ಟಿದ್ದೀರಿ. ಆ ಹದಿನೇಳರಲ್ಲೂ ಸಾಲುಗಳು ಐದೈದು ಪದಕ್ಕೆ ಮುರಿದು ನಿಂತಿವೆ, ಮುಂದೆ ಅರ್ಧ ಪುಟ ಖಾಲಿ. ಇಲಿ ಕಡಿದ ಹಾಗೆ. ಸರ್ ಅದನ್ನ ಪ್ರೆಸ್‌ನವರ ತಪ್ಪು ಅಂದುಕೊಂಡಿದ್ದಾರೆ. ಅದು ನನ್ನ ಕಿರುಬೆರಳು ಅಂತ ಈ ಲೋಕದಲ್ಲಿ ಗೊತ್ತಿರೋದು ನಿಮಗೆ ಮತ್ತು ನನಗೆ.

ನಿಮ್ಮ ಕಣ್ಣಿಗೆ ಅದು ಹೇಗೆ ತಪ್ಪಿತು ಅಂತ ಬಹಳ ಹೊತ್ತು ಯೋಚನೆ ಮಾಡಿದೆ. ಕೆಳಗೆ ಅಗಲವಾಗಿ ಹಾಕಿಕೊಂಡಿದ್ದರೆ ಕೂಡಲೇ ಕಾಣ್ತಿತ್ತು, ಆಗಸ್ಟ್‌ನಲ್ಲಿ ಕಂಡ ಹಾಗೆ. ಸೆಪ್ಟೆಂಬರ್ ನಾಲ್ಕರಂದು ನೀವು ಒಳಗೆ ಬಂದಿರಿ, ಲೇಔಟ್ ನನ್ನ ರೀತಿಯಲ್ಲಿತ್ತು, ಆ ಕಿರಿದಾದ ಕಾಲಂನಲ್ಲಿ ಎಲ್ಲಾ ಸರಿಯಾಗಿಯೇ ಕಂಡಿತು. ಹಾಗೇ ಎತ್ತಿಕೊಂಡು ಹೋದಿರಿ. ತಿರುಗಿಸಿ ಹಾಕೋಷ್ಟು ಹೊತ್ತೂ ನಿಲ್ಲಲಿಲ್ಲ. ನಿಮ್ಮ ಪಟ್ಟಿ ನೂರಹನ್ನೆರಡನೇ ಲೇಖನಕ್ಕೆ ನಿಂತಿದೆ. ಅವತ್ತು ನಾನು ಮುಗಿಸಿದ್ದೂ ನೂರಹನ್ನೆರಡೇ.

ಇಪ್ಪತ್ನಾಲ್ಕು ದಿನ ನನ್ನ ಲೇಔಟ್ ಮುಟ್ಟದೆ ಬಿಟ್ಟಿದ್ದು ಪ್ರೀತಿಗೆ ಅಂದುಕೊಂಡು ನಿಮಗೆ ಥ್ಯಾಂಕ್ಸ್ ಬರೆದಿದ್ದೆ. ಅದನ್ನ ಓದಿದಾಗ ನಿಮಗೆ ಏನನ್ನಿಸಿತು, ಹೇಳಿ. ಆ ಉಳಿದ ಇಪ್ಪತ್ತೆಂಟು ನಾನು ಯಾರಿಗೆ ಬರೆದೆ?

ನೀವು ತೂಗಿ ನೋಡು ಅಂದಿರಿ. ತೂಗಿದೆ. ನಿಮ್ಮ ಆರು ವರ್ಷ ದೊಡ್ಡದೇ. ಅಪ್ಪನನ್ನ ಒಪ್ಪಿಸಿದ್ದೂ ಮರೆತಿಲ್ಲ, ಆ ಎರಡು ದಿನ ಬಾಗಿಲ ಹಿಂದೆ ನಿಂತು ನಿಮ್ಮ ಒಂದೊಂದು ಮಾತೂ ಕೇಳಿಸಿಕೊಂಡಿದ್ದೀನಿ. ನೋಟ್ಸ್ ಬೇಕು ಅಂದಿದ್ದರೆ ನೂರನಲವತ್ತೂ ಕೊಡ್ತಿದ್ದೆ, ಹೆಸರೂ ಕೇಳ್ತಿರಲಿಲ್ಲ. ಆದರೆ ಆ ಗಂಟೆಯ ವಾಕ್ಯವನ್ನ ಅಕ್ಕನ ನೋಟ್ಸ್ ನೋಡಿ ಬರೆದೆ ಅಂತ ಹೇಗೆ ಹೇಳಲಿ? ನೀವು ಹಾಸ್ಟೆಲ್‌ನಲ್ಲಿ ಒಂದು ದಿನವೂ ಇರಲಿಲ್ಲ. ಅಲ್ಲಿ ಎದ್ದು ಕೂತಿದ್ದವಳು ನಾನು. ಅದನ್ನೂ ನೋಡಿ ಬರೆದದ್ದು ಅಂದುಬಿಟ್ಟರೆ, ಆ ಏಳು ವರ್ಷ ಯಾರು ಇದ್ದರು ಅಲ್ಲಿ?

ರೂಮ್‌ಮೇಟ್ ಹೇಳ್ತಾಳೆ, ನಮ್ಮ ಮೇಲ್‌ಗಳನ್ನೆಲ್ಲ ಪ್ರಿಂಟ್ ತೆಗೆದು ಸರ್ ಮುಂದೆ ಇಡು, ಐದು ನಿಮಿಷದ ಕೆಲಸ ಅಂತ. ನನಗೆ ಮನಸ್ಸಿಲ್ಲ. ಅದರಲ್ಲಿ ಅಮ್ಮ ಇದ್ದಾಳೆ, ದೊಡ್ಡಮ್ಮ ಇದ್ದಾರೆ, ಪೆನ್ಸಿಲ್ ಇದ್ದಾಳೆ. ಆ ಹದಿನೇಳು ಕಡೆ ಗುರುತು ಹಾಕಿದ ಜೆರಾಕ್ಸ್ ಮಾತ್ರ ತಗೊಂಡು ಹೋಗ್ತೀನಿ. ಲೈಬ್ರರಿ ಮೇಡಂ ಕಂಪ್ಯೂಟರ್‌ನಲ್ಲಿ, ಕಮಿಟಿಯವರೆಲ್ಲ ನೋಡ್ತಿರುವಾಗ, ಕಿರಿದಾದ ಕಾಲಂ ಮಾಡಿಕೊಂಡು ಹತ್ತು ಸಾಲು ಟೈಪ್ ಮಾಡಿ ತೋರಿಸ್ತೀನಿ. ಎಂಟರ್ ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತೆ.

ಅದಕ್ಕಿಂತ ಮುಂಚೆ ನೀವೇ ಸರ್‌ಗೆ ಬರೆದರೆ, ನಾನು ತೋರಿಸೋದು ಏನೂ ಇರಲ್ಲ. ತಾವಾಗಿ ಹೇಳಿದವರನ್ನ ನೋಡೋ ರೀತಿಯೇ ಬೇರೆ ಅಂತ ಅವತ್ತು ಸರ್ ಮಾತಿನ ನಡುವೆ ಹೇಳಿದರು. ನನಗೆ ಹೇಳಿದ್ದು ಅದು. ನಿಮಗೆ ದಾಟಿಸ್ತಿದ್ದೀನಿ.

ಸರ್ ಅವರ ಮೇಲ್ ವಿಳಾಸ ಕೆಳಗಿದೆ. ಕಮಿಟಿ ಗುರುವಾರ ಬೆಳಿಗ್ಗೆ, ಬುಧವಾರ ಸಂಜೆಯೊಳಗೆ ಅವರಿಗೆ ಸಿಗಬೇಕು. ಬರೀತೀರಾ, ಇಲ್ಲವಾ, ಯಾವುದೇ ಆದರೂ ನನಗೆ ಬೇಗ ಉತ್ತರ ಹಾಕಿ.

ನಿಮ್ಮ ಚಿಕ್ಕಮ್ಮನ ಮಗಳು